ಮುದ್ರೆ ಬೀಳದ ಗುಡ್ಡ

ಗುಡ್ಡ ಕಳೆದುಹೋಗುತ್ತದೆ ಎಂದರೆ ಯಾರು ನಂಬುತ್ತಾರೆ? ಕಿವಿಯ ಓಲೆ ಕಳೆಯಬಹುದು, ಮೇಯಲು ಬಿಟ್ಟ ಮೇಕೆ ಕಳೆಯಬಹುದು. ಆದರೆ ಚಿಂತಾಮಣಿ ಸೀಮೆಯ ಆ ಊರಿನಲ್ಲಿ ಗುಡ್ಡವೇ ಕಳೆದುಹೋಯಿತು. ವಿಸ್ಮಯಾ ಹುಟ್ಟಿ ಬೆಳೆದ ಮನೆಯ ಹಿತ್ತಿಲ ಬಾಗಿಲು ತೆರೆದರೆ ಎದುರಿಗೇ ಕೂತಿರುತ್ತಿದ್ದ ತೊಟ್ಟಿಲುಗುಡ್ಡವನ್ನು ಕ್ವಾರಿಯವರು ಸಿಡಿಮದ್ದಿಟ್ಟು ಒಡೆದರು, ಯಂತ್ರಕ್ಕೆ ಹಾಕಿ ಅರೆದರು, ಲಾರಿಗಳಲ್ಲಿ ತುಂಬಿಕೊಂಡು ಹೋದರು. ಈಗ ಅದು ಯಾವ ಊರಿನ ಯಾವ ಗೋಡೆಯೊಳಗೆ ನಿಂತಿದೆಯೋ ಹೇಳುವವರಿಲ್ಲ. ಇದ್ದ ಜಾಗದಲ್ಲಿ ಹಸಿರು ನೀರಿನ ಹೊಂಡ.

ಆಕಾಶಕ್ಕೆ ಮಗು ಹುಟ್ಟಿತಂತೆ. ಮಲಗಿಸಲು ಜಾಗವಿಲ್ಲದೆ ಅದು ಭೂಮಿಯನ್ನು ಕೇಳಿತಂತೆ. ಭೂಮಿತಾಯಿ ಅಂಗಾತ ಮಲಗಿ, ಎರಡು ಮೊಣಕಾಲು ಮಡಚಿ, ನಡುವೆ ಒಂದಿಷ್ಟು ತಗ್ಗು ಮಾಡಿಕೊಟ್ಟಳಂತೆ. ಅಮಾವಾಸ್ಯೆಯ ದಿನ ಚಂದ್ರ ಎಲ್ಲೂ ಹೋಗಿರುವುದಿಲ್ಲ, ಆ ತಗ್ಗಿನಲ್ಲಿ ಹೊದ್ದು ಮಲಗಿರುತ್ತಾನೆ. ಅಜ್ಜಿ ಹೀಗೆ ಹೇಳಿ ಮಕ್ಕಳ ಬಾಯಿ ಮುಚ್ಚಿಸುತ್ತಿದ್ದಳು. ಕ್ವಾರಿಯ ಮೊದಲ ಸಿಡಿತ ಕೇಳುವ ಹೊತ್ತಿಗೆ ಅಜ್ಜಿ ಇರಲಿಲ್ಲ, ಪುಣ್ಯವಂತೆ.

ಗುಡ್ಡದ ಫೋಟೋ ಕೂಡ ಇರಲಿಲ್ಲ. ನಾಮಕರಣ, ಗೃಹಪ್ರವೇಶ, ಮದುವೆ, ಎಲ್ಲದರ ಆಲ್ಬಮ್ಮೂ ಮನೆಯಲ್ಲಿತ್ತು. ಆದರೆ ಬೆಳಕು ಮುಖದ ಮೇಲೆ ಬೀಳಲಿ ಎಂದು ಫೋಟೋದವನು ಪ್ರತಿ ಸಲವೂ ಗುಡ್ಡಕ್ಕೆ ಬೆನ್ನು ಮಾಡಿ ನಿಂತಿದ್ದ. ಒಂದೇ ಒಂದು ಚಿತ್ರದಲ್ಲಿ ಸೋದರಮಾವನ ಪೇಟದ ಹಿಂದೆ ಬಲಗಡೆಯ ಮೊಣಕಾಲಿನ ತುದಿ ಮಸುಕಾಗಿ ಕಾಣುತ್ತಿತ್ತು. ದಿನಾ ಕಣ್ಣೆದುರಿಗೆ ಇರುವುದಕ್ಕೆ ಯಾರು ಫೋಟೋ ಹಿಡಿಯುತ್ತಾರೆ?

ಆಮೇಲೆ ಅಪ್ಪ ಅಮ್ಮ ಊರು ಬಿಟ್ಟು ಚಿಂತಾಮಣಿಯಲ್ಲಿ ವಿಸ್ಮಯಾಳ ತಮ್ಮ ಮಹಿತನ ಮನೆ ಸೇರಿದರು. ವಿಸ್ಮಯಾ ಶರಣನನ್ನು ಮದುವೆಯಾಗಿ ಮಲೇಷ್ಯಾದ ಪೆನಾಂಗಿಗೆ ಬಂದಳು. ಶರಣ್ ಯಾದಗಿರಿ ಕಡೆಯ ಬಯಲು ಹಳ್ಳಿಯವನು. ಬಯಾನ್ ಲೆಪಾಸಿನ ಚಿಪ್ ಕಾರ್ಖಾನೆಯಲ್ಲಿ ಎಂಜಿನಿಯರು. ವಿಮಾನಗಳು ತಲೆಸವರಿ ಇಳಿಯುವ ಕಾಂಡೊ ಅಪಾರ್ಟ್‌ಮೆಂಟ್ ಒಂದರ ಎತ್ತರದ ಮಹಡಿಯಲ್ಲಿ ಅವರ ಮನೆ. ವಿಸ್ಮಯಾ ಅಲ್ಲೇ ಕೂತು ಬೆಂಗಳೂರಿನ ಕಂಪನಿಯೊಂದಕ್ಕೆ ಕೆಲಸ ಮಾಡುತ್ತಿದ್ದಳು.

ಹುಚ್ಚು ಹತ್ತಿದ್ದು ಅಲ್ಲಿನ ಜಾರ್ಜ್‌ಟೌನ್ ಪೇಟೆಯ ಭಾನುವಾರದ ಸಂತೆಯಲ್ಲಿ. ಕಲಾಶಾಲೆಯ ಹುಡುಗಿಯೊಬ್ಬಳು ಹಗ್ಗಕ್ಕೆ ಕ್ಲಿಪ್ ಹಾಕಿ ಚೀನೀ ಬಗೆಯ ತನ್ನ ಮಸಿಚಿತ್ರಗಳನ್ನು ತೂಗುಹಾಕಿದ್ದಳು. ಒಂದರಲ್ಲಿ ಬರೀ ಬಂಡೆ. ಒಣಗಿದ ಕುಂಚವನ್ನು ಕಾಗದದ ಮೇಲೆ ಎಳೆದು ಮಾಡಿದ್ದ ಬಂಡೆ, ಕೆಳಗೆ ಏನೂ ಇಲ್ಲದ ಬಿಳಿ. ವಿಸ್ಮಯಾಳ ಕಾಲು ನಿಂತುಬಿಟ್ಟಿತು. ಇದು ನಮ್ಮೂರ ಕಲ್ಲಲ್ಲವೇ? ಬಿಸಿಲಿಗೆ ಸಿಪ್ಪೆ ಬಿಡುವ ಆ ಮೈ, ಇದೇ ಅಲ್ಲವೇ?

ಅಲ್ಲಿಂದ ಮುಂದೆ ಅವಳು ಗ್ಯಾಲರಿಗಳ ಮೆಟ್ಟಿಲು ಸವೆಸಿದಳು. ಹಳೆಯ ಚೀನೀ ರಾಜರ ಕಾಲದ ಚಿತ್ರಗಳು ಅವಳಿಗೆ ಬೇಕಿರಲಿಲ್ಲ. ಈ ಕಾಲದವರು ಬರೆದದ್ದು ಬೇಕಿತ್ತು. ಒಬ್ಬ ಮಸಿಯನ್ನು ಬೋಗುಣಿಯಿಂದಲೇ ಸುರಿದು ಮೋಡ ಮಾಡುತ್ತಿದ್ದ. ಇನ್ನೊಬ್ಬಳು ಒಂದೇ ಅಕ್ಷರವನ್ನು ಕಾಗದದಲ್ಲಿ ಹಿಡಿಸಲಾರದಷ್ಟು ದೊಡ್ಡದಾಗಿ ಬರೆದು, ಅರ್ಧವನ್ನು ಹೊರಗೇ ಬಿಟ್ಟಿದ್ದಳು. ಮತ್ತೊಬ್ಬ ಚೀನೀಯರಿಗೂ ಓದಲು ಬಾರದ ಅಕ್ಷರಗಳನ್ನು ಬರೆಯುತ್ತಿದ್ದ. ವಿಸ್ಮಯಾಳಿಗೆ ಯಾವುದೂ ಓದಲು ಬರುತ್ತಿರಲಿಲ್ಲ. ಕುಂಚ ಎಲ್ಲಿ ಉಸಿರು ಕಟ್ಟಿತು, ಎಲ್ಲಿ ಬಿಟ್ಟಿತು ಎನ್ನುವುದು ಮಾತ್ರ ಕಾಣುತ್ತಿತ್ತು. ಕೊಂಡು ತಂದ ಚಿತ್ರಗಳಿಗೆ ಸಮುದ್ರದ ತೇವಕ್ಕೆ ಬೂಸು ಹಿಡಿಯದಂತೆ ಮನೆಯ ಒಂದು ಕೋಣೆಯಲ್ಲಿ ತೇವ ಹೀರುವ ಯಂತ್ರ ಸದಾ ಗುರುಗುಡುತ್ತಿತ್ತು.

"ಮನಿ ತುಂಬ ಮಸಿ ಬಳದೀಯಲ್ಲವ್ವಾ," ಎನ್ನುತ್ತಿದ್ದ ಶರಣ್. "ನಾಳಿ ನಮ್ಮ ಅವ್ವ ಬಂದ್ರ, ಒಲಿ ಕಟ್ಟಿಗಿದ್ದೋ ಏನ್ ಗ್ಯಾಸಿಂದೋ ಅಂತ ಕೇಳ್ತಾಳ ನೋಡ."

"ನಿಮ್ಮ ಕಡೆ ಗುಡ್ಡ ಇಲ್ಲ ಬಿಡಿ, ನಿಮಗೆ ಗೊತ್ತಾಗಲ್ಲ."

"ಇಲ್ಲ ಖರೇ. ನಮ್ಮ ಕಡಿ ಇರೂದೆಲ್ಲಾ ಸಪಾಟ. ಕಳ್ಕೊಳ್ಳಾಕ ಏನೂ ಇಲ್ಲ."

ಊಯಿ ಅಂಕಲ್ ಸಿಕ್ಕಿದ್ದು ಆ ಬಂಡೆಯ ಹುಡುಗಿಯಿಂದಲೇ. ಅವಳಿಗೆ ಕುಂಚ ಹಿಡಿಯುವುದನ್ನು ಕಲಿಸಿದವರು ಅವರು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಮಹಡಿ, ಕಡಿದಾದ ಮರದ ಮೆಟ್ಟಿಲು. ವಿಸ್ಮಯಾ ಹತ್ತಿ ಹೋದಾಗ ಬನಿಯನ್ ತೊಟ್ಟ ಚೀನೀ ಮುದುಕರೊಬ್ಬರು ಕಪ್ಪು ಕಲ್ಲಿನ ಮೇಲೆ ನೀರು ಹನಿಸಿ, ಸಾಣೆಕಲ್ಲಿನ ಮೇಲೆ ಗಂಧ ತೇಯುವ ಹಾಗೆ ಮಸಿ ತೇಯುತ್ತಿದ್ದರು.

"ಕೊಳ್ಳೋಕೆ ಬಂದ್ಯಾ, ನೋಡೋಕೆ ಬಂದ್ಯಾ?" ಎಂದರು ತಲೆಯೆತ್ತದೆ, ಮಾತಿಗೊಂದು ‘ಲಾ’ ಸೇರಿಸುವ ಪೆನಾಂಗಿನ ಆ ತುಂಡು ಇಂಗ್ಲಿಷಿನಲ್ಲಿ.

"ನೋಡೋಕೆ, ಅಂಕಲ್."

"ನೋಡೋಕಾದ್ರೆ ಕೂತ್ಕೋ. ಕೊಳ್ಳೋರಾದ್ರೆ ನಿಂತೇ ಇರಬೇಕು. ಬೇಗ ಹೋಗ್ತಾರೆ ಲಾ."

ಅವರದೊಂದು ಕಟ್ಟುನಿಟ್ಟು. ಬರೆದ ಚಿತ್ರವನ್ನು ಗೋಡೆಗೆ ತೂಗುಹಾಕಿ ಅದರೆದುರು ಗಂಜಿ ಕುಡಿಯುವರು, ಅದರೆದುರೇ ನಿದ್ದೆ ಮಾಡುವರು. ಬೈಯಲು ಏನೂ ಉಳಿದಿಲ್ಲ ಎನಿಸಿದ ದಿನ ಮೂಲೆಯಲ್ಲಿ ಕೆಂಪು ಮುದ್ರೆ ಒತ್ತುವರು. ಮುದ್ರೆ ಬೀಳದ್ದು ಆ ಮೆಟ್ಟಿಲು ಇಳಿಯುವ ಹಾಗಿರಲಿಲ್ಲ. ಅದರ ಫೋಟೋ ತೆಗೆಯಲು ಯಾರೂ ಫೋನು ಎತ್ತುವ ಹಾಗೂ ಇರಲಿಲ್ಲ. "ಅದು ಇನ್ನೂ ಬೇಯ್ತಾ ಇದೆ," ಎನ್ನುವರು. "ಅರೆಬೆಂದ ಅನ್ನ ನೆಂಟರಿಗೆ ಬಡಿಸ್ತೀಯಾ ನೀನು?"

ಒಂದು ಶನಿವಾರ ಅವರು ಬಂಡೆಗಳನ್ನು ಬರೆಯುತ್ತಿದ್ದರು. ವಿಸ್ಮಯಾ ತಡೆಯಲಾರದೆ, "ನಮ್ಮ ಗುಡ್ಡದಲ್ಲಿ ಇಂಥದೇ ಕಲ್ಲಿತ್ತು," ಎಂದಳು.

"ಇತ್ತು? ಈಗ ಎಲ್ಲಿಗೆ ಹೋಯ್ತು?"

"ಲಾರಿ ಹತ್ತಿ ಹೋಯ್ತು ಅಂಕಲ್."

ಮುದುಕರು ದೊಡ್ಡದಾಗಿ ನಕ್ಕರು. ಅವಳ ಮುಖ ನೋಡಿ ನಗು ಅರ್ಧಕ್ಕೇ ನಿಲ್ಲಿಸಿದರು. ಹೊಸ ಕಾಗದ ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟು, "ಹೇಳು. ಹೇಗಿತ್ತು?" ಎಂದರು.

ಹೀಗೆ ಶುರುವಾದದ್ದು ವರ್ಷಗಟ್ಟಲೆ ನಡೆಯಿತು. ಅವಳು ಹೇಳುವಳು, ಅವರು ಬರೆಯುವರು. ಮೊದಮೊದಲು ಬಂದ ಗುಡ್ಡಗಳೆಲ್ಲ ಚೀನಾದವು. ಆಕಾಶಕ್ಕೆ ಚುಚ್ಚುವಂಥವು, ಸೊಂಟಕ್ಕೆ ಮೋಡ ಸುತ್ತಿಕೊಂಡಂಥವು.

"ಹೀಗಲ್ಲ ಅಂಕಲ್. ಇಷ್ಟು ಎತ್ತರ ಇಲ್ಲ. ಮಂಜಿಲ್ಲ."

"ಮಂಜಿಲ್ಲ? ಮತ್ತೆ ಏನಿದೆ?"

"ಧೂಳಿದೆ. ಬಿಸಿಲಿದೆ."

"ಪೈನ್ ಮರ?"

"ಜಾಲಿ. ಮುಳ್ಳಿನ ಗಿಡ. ಅದೂ ಅಲ್ಲೊಂದು ಇಲ್ಲೊಂದು."

"ಅಯ್ಯಾ! ಚಿತ್ರ ಬರೆಯೋನ ಹೊಟ್ಟೆ ಮೇಲೆ ಹೊಡೆಯೋ ಗುಡ್ಡ ಲಾ ಇದು." ಬರೆದದ್ದನ್ನು ಚರ್‍ರನೆ ಹರಿದು ಬುಟ್ಟಿಗೆ ಹಾಕುವರು. ಮತ್ತೆ ಮಸಿ ತೇಯುವರು. ಹರಿಯಲು ಮನಸ್ಸು ಬಾರದ್ದನ್ನು ಸುರುಳಿ ಸುತ್ತಿ ಮೂಲೆಯ ಜಾಡಿಯಲ್ಲಿ ನಿಲ್ಲಿಸುವರು.

ಬಂಡೆಗಳು ಮಲಗಿದ ಆನೆಗಳಂತೆ ಒಂದರ ಮೈಮೇಲೊಂದು ಒರಗಿದ್ದದ್ದು, ಮೇಕೆಗಳು ಓಡಾಡಿ ಸವೆಸಿದ ಬಿಳಿಯ ದಾರಿ, ಮಧ್ಯಾಹ್ನದ ಹೊತ್ತು ಗುಡ್ಡಕ್ಕೆ ನೆರಳೇ ಇಲ್ಲದೆ ಬೋಳಾಗಿ ಕಾಣುತ್ತಿದ್ದದ್ದು, ಒಂದೊಂದನ್ನೂ ಹೇಳಿ ಹೇಳಿ ಅವಳ ಬಾಯಿ ಒಣಗುತ್ತಿತ್ತು. ಹೇಳುವಾಗಲೇ ಎಷ್ಟೋ ನೆನಪಾಗುತ್ತಿತ್ತು. ಹೇಳಿದ್ದೆಲ್ಲ ಅವರ ಕೈಯೊಳಗೆ ಹೋಗಿ ಕೂರುತ್ತಿತ್ತು.

ಆ ಸಲ ದೀಪಾವಳಿ ಮುಗಿದ ವಾರ ಮೆಟ್ಟಿಲು ಹತ್ತಿದವಳು ಬಾಗಿಲಲ್ಲೇ ನಿಂತಳು. ಎದುರು ಗೋಡೆಯ ಮೇಲೆ ತೊಟ್ಟಿಲುಗುಡ್ಡ ಕೂತಿತ್ತು. ಬಿಸಿಲಿಗೆ ಎಂದು ಮುದುಕರು ಏನನ್ನೂ ಬಳಿದಿರಲಿಲ್ಲ. ಕಾಗದವನ್ನು ಹಾಗೇ ಬಿಟ್ಟಿದ್ದರು, ಆ ಬಿಳಿಯೇ ಕಣ್ಣಿಗೆ ಚುಚ್ಚುತ್ತಿತ್ತು. ಎರಡು ಮೊಣಕಾಲು, ನಡುವೆ ತಗ್ಗು. ಪಕ್ಕದಲ್ಲಿ ಮೇಲಿಂದ ಕೆಳಕ್ಕೆ ಬರೆದ ಅಕ್ಷರಗಳು, ತೊಟ್ಟಿಲು ಎಂದು ಅವರ ಭಾಷೆಯಲ್ಲಿ. ಅಮ್ಮ ಹಿಂದಿನಿಂದ ಕೂಗಿ, ಬಿಸಿಲಲ್ಲಿ ಆಚೆ ಹೋಗಬೇಡ ಎಂದು ಗದರಿದ ಹಾಗಾಯಿತು. ವಿಸ್ಮಯಾ ಹೊಸ್ತಿಲಲ್ಲೇ ಕೂತು ಅತ್ತಳು. ಮುದುಕರು ಆಗಲೇ ತೊಳೆದಿಟ್ಟ ಕುಂಚವನ್ನು ಮತ್ತೆ ತೊಳೆಯುತ್ತ ನಿಂತರು.

"ಹೀಗೇನಾ?" ಎಂದರು ಆಮೇಲೆ.

"ಹೀಗೇ ಅಂಕಲ್."

"ಆ ಬುಡದ ಹತ್ತಿರ ಸ್ವಲ್ಪ ಬೆಂದಿಲ್ಲ. ನೋಡ್ತಾ ಇರ್ತೀನಿ. ನಮ್ಮ ಹೊಸ ವರ್ಷ ಆಗಲಿ, ಮುದ್ರೆ ಒತ್ತಿ ಕೊಡ್ತೀನಿ."

ಆಗಲೇ ಕಾಲು ಹಿಡಿದು ಕೇಳಿದ್ದರೆ ಕೊಡುತ್ತಿದ್ದರೋ ಏನೋ. ಆದರೆ ಇಷ್ಟು ವರ್ಷ ಚಿತ್ರ ಕೂಡಿಟ್ಟವಳಿಗೆ ಕೂಡಿಡುವವರ ಬುದ್ಧಿಯೂ ಬಂದಿತ್ತು. ಮುದ್ರೆಯಿಲ್ಲದ ಚಿತ್ರವೆಂದರೆ ತಾಳಿಯಿಲ್ಲದ ಮದುವೆ. ತನ್ನ ಗುಡ್ಡಕ್ಕೆ ಅದೊಂದು ಕೊರತೆ ಯಾಕೆ? "ಅವಸರ ಇಲ್ಲ ಅಂಕಲ್," ಎಂದುಬಿಟ್ಟಳು. ಅವತ್ತೇ ಅಮ್ಮನಿಗೆ ಫೋನು ಮಾಡಿ, "ಅಮ್ಮಾ, ನಮ್ಮ ಗುಡ್ಡ ಸಿಕ್ಕಿತು," ಎಂದಾಗ ಅಮ್ಮ, "ಏನೇ ಇದು, ಜ್ವರ ಗಿರ ಬಂದಿದೆಯಾ?" ಎಂದು ಗಾಬರಿಯಾಗಿದ್ದಳು. ವಿಷಯ ತಿಳಿದ ಮೇಲೆ, "ತಂದು ಮನೇಲಿ ಹಾಕು ಕಣೇ. ನಿಮ್ಮಪ್ಪ ಒಂದು ಸಲ ನೋಡ್ಲಿ," ಎಂದಿದ್ದಳು.

ಚೀನೀಯರ ಹೊಸ ವರ್ಷಕ್ಕೆ ಇನ್ನೂ ದಿನಗಳಿದ್ದವು. ಬೆಳಿಗ್ಗೆ ಮಾರುಕಟ್ಟೆಯಲ್ಲಿ ಮೀನು ಆರಿಸುತ್ತಿದ್ದ ಊಯಿ ಅಂಕಲ್ ಹಾಗೇ ಕುಸಿದರಂತೆ. ಆಸ್ಪತ್ರೆಯ ಗೇಟು ದಾಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ತಿಳಿಸಿದವಳು ಅವರ ಮಗಳು ಸ್ಯೂ ಲಿನ್. ಬಟರ್‌ವರ್ತಿನಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದವಳು, ಅಪ್ಪನ ಕುಂಚದ ಗೊಡವೆಗೆ ಹೋಗದವಳು.

ವಿಸ್ಮಯಾ ಮೊದಲು ಅತ್ತಳು, ಆಮೇಲೆ ಅಮ್ಮನಿಗೆ ಫೋನು ಮಾಡಿದಳು. ಅಮ್ಮ ಹೇಳಿದಳು, "ಹೋಗಿ ಮುಖ ನೋಡ್ಕೊಂಡು ಬಾ. ಆ ಮನೇಲಿ ನೀರೂ ಮುಟ್ಟಬೇಡ, ಹುಲ್ಲುಕಡ್ಡಿನೂ ತರಬೇಡ. ಹೋಗಿ ಬರ್ತೀನಿ ಅಂತನೂ ಅನ್ಬೇಡ. ಬಂದು ತಲೆಗೆ ನೀರು ಹಾಕ್ಕೋ. ಸೂತಕ ಕಳೀಲಿ, ಕೇಳೋದು ಬೇಡೋದು ಏನಿದ್ರೂ ಆಮೇಲೆ."

ಸೈಕಲ್ ಅಂಗಡಿಯೆದುರಿನ ಓಣಿಯಲ್ಲಿ ಶಾಮಿಯಾನ ಹಾಕಿದ್ದರು. ದುಂಡುಮೇಜುಗಳ ಮೇಲೆ ಕಡಲೆಕಾಯಿ, ಸಿಹಿ ಮಿಠಾಯಿ, ಬಂದವರ ಬೆರಳಿಗೆ ಸುತ್ತಿಕೊಳ್ಳಲು ಕೆಂಪು ದಾರ. ಒಂದು ಪಕ್ಕ ಬಣ್ಣಬಣ್ಣದ ಕಾಗದದ ಮನೆ, ಆಳೆತ್ತರದ್ದು. ಸತ್ತವರಿಗೆ ಅಲ್ಲಿ ಬೇಕಾಗುತ್ತದೆ ಎಂದು ಸುಟ್ಟು ಕಳಿಸುವ ಮನೆ. ಒಳಗೆ ಕಾಗದದ ಕಾರು, ಕಾಗದದ ಆಳುಕಾಳು.

"ಎಸಿ ಸೈತ ಹಾಕ್ಯಾರ ನೋಡ," ಎಂದು ಶರಣ್ ಪಿಸುಗುಟ್ಟಿದ. ವಿಸ್ಮಯಾ ಅವನ ತೋಳು ಚಿವುಟಿದಳು.

ಸ್ಯೂ ಲಿನ್ ಕೆಂಪಾದ ಕಣ್ಣಿನಲ್ಲೇ ಎದ್ದು ಬಂದು ಇವಳ ಕೈ ಹಿಡಿದುಕೊಂಡಳು. "ಅಪ್ಪ ನಿನ್ನ ಬಗ್ಗೆ ಹೇಳ್ತಿದ್ರು. ಶನಿವಾರದ ಹುಡುಗಿ ಅಂತ. ಕೇಳು, ಮಹಡಿ ಮೇಲೆ ನಿನ್ನದು ಏನಾದ್ರೂ ಇದೆಯಾ? ಇದ್ರೆ ಈಗಲೇ ಹೋಗಿ ತಗೋ. ಆಮೇಲೆ ನನಗೆ ಏನೂ ಗೊತ್ತಾಗಲ್ಲ."

ಗುಡ್ಡ ತಲೆಯ ಮೇಲೆಯೇ ಇತ್ತು, ಆ ಮರದ ಮೆಟ್ಟಿಲು ಹತ್ತಿದರೆ ಸಾಕು. ವಿಸ್ಮಯಾಳ ನಾಲಿಗೆಯ ತುದಿಗೆ ಬಂದಿತು. ಎದುರಿಗೆ ಪೆಟ್ಟಿಗೆಯಲ್ಲಿ ಮುದುಕರು ಕೋಟು ತೊಟ್ಟು ಮಲಗಿದ್ದರು. ಅವರು ಕೋಟು ಹಾಕಿದ್ದನ್ನು ಅವಳು ಯಾವತ್ತೂ ನೋಡಿರಲಿಲ್ಲ. ಹೆಣದ ಮುಂದೆ ನಿಂತು ನನ್ನದು ಕೊಡಿ ಎನ್ನುವುದೇ? ಸೂತಕದ ಮನೆಯಿಂದ ಗುಡ್ಡ ಹೊತ್ತು ತಂದು ಗೋಡೆಗೆ ಹಾಕುವುದೇ?

"ಏನೂ ಇಲ್ಲ," ಎಂದಳು. "ನನಗೇನೂ ಬೇಡ."

ಕೆಂಪು ದಾರವನ್ನೂ ತೆಗೆದುಕೊಳ್ಳಲಿಲ್ಲ. ನೀರು ಮುಟ್ಟಲಿಲ್ಲ. ಹೇಳದೆ ಎದ್ದು ಬಂದರು.

ಕಾರಿನಲ್ಲಿ ಶರಣ್, "ಹೇಳ್ಬಿಡಬೇಕಿತ್ತ ನೀ," ಎಂದ.

"ಏನಂತ? ಹದ್ದಿನ ಹಾಗೆ ಬಂದು ಕೂತಿದೀನಿ, ನನ್ನ ಪಾಲು ಕೊಡಿ ಅಂತಾನಾ?"

"ಆಕೀನ ಕೇಳಿದ್ಲಲ್ಲ."

"ಮರ್ಯಾದೆಗೆ ಕೇಳ್ತಾರೆ. ಮರ್ಯಾದೆಗೆ ಬೇಡ ಅನ್ಬೇಕು. ಹದಿಮೂರು ದಿನ ಕಳೀಲಿ, ಹಣ್ಣು ತಗೊಂಡು ಹೋಗಿ ಕೂತು ಮಾತಾಡ್ತೀನಿ."

ಶರಣ್ ಕಾರು ತಿರುಗಿಸಿದ. ಅವನ ಅವ್ವನೂ ಇದನ್ನೇ ಹೇಳುತ್ತಿದ್ದಳು.

ವಿಸ್ಮಯಾ ಕಾದಳು. ಚಿತ್ರ ಹಾಕಲು ಹಾಲಿನ ಗೋಡೆಯನ್ನು ತೆರವು ಮಾಡಿ, ಬಿಸಿಲು ಬೀಳದ ಜಾಗ ನೋಡಿ ಮೊಳೆ ಹೊಡೆಸಿದಳು. ಸೂತಕ ಕಳೆದ ಮರುದಿನ ತಲೆಸ್ನಾನ ಮಾಡಿ, ಕಿತ್ತಳೆ ಬುಟ್ಟಿ ಹಿಡಿದು ಮೆಟ್ಟಿಲು ಹತ್ತಿದಳು.

ಗೋಡೆಗೆ ಹೊಸ ಸುಣ್ಣ ಹೊಡೆದಿದ್ದರು.

ಸ್ಯೂ ಲಿನ್ ನೆಲದ ಮೇಲೆ ಕೂತು ಪೆಟ್ಟಿಗೆಗಳಿಗೆ ಟೇಪು ಹಚ್ಚುತ್ತಿದ್ದಳು. ಮೂಲೆಯ ಜಾಡಿ ಖಾಲಿ. ಮಸಿ ತೇಯುವ ಕಲ್ಲು ಹಳೆ ಪೇಪರಿನಲ್ಲಿ ಸುತ್ತಿಟ್ಟಿತ್ತು.

"ಬಂದ್ಯಾ? ಕೂತ್ಕೋ ಕೂತ್ಕೋ. ಮನೆ ಮಾಲೀಕರಿಗೆ ಬೀಗ ಕೊಡಬೇಕು, ಅದಕ್ಕೇ ಈ ಗಡಿಬಿಡಿ."

"ಚಿತ್ರಗಳು?"

"ಮುದ್ರೆ ಇರೋದೆಲ್ಲ ಆ ಡಬ್ಬಿಯಲ್ಲಿದೆ. ಗ್ಯಾಲರಿಯವರು ಬರ್ತಾರೆ. ಮುದ್ರೆ ಇಲ್ಲದ್ದು ಅಪ್ಪನ ಜೊತೆ ಕಳಿಸಿದ್ವಿ."

ವಿಸ್ಮಯಾ ಬುಟ್ಟಿಯನ್ನು ಕೆಳಗಿಡಲಿಲ್ಲ. "ಜೊತೆ ಅಂದ್ರೆ?"

"ಕಾಗದದ ಮನೆ ಸುಟ್ಟ ದಿನ, ಅದರ ಜೊತೆಗೇ. ಅಪ್ಪನ ಮಾತು ನಿನಗೂ ಗೊತ್ತಲ್ಲ, ಮುದ್ರೆ ಇಲ್ಲದ್ದು ಹೊರಗೆ ಹೋಗಬಾರದು ಅಂತ. ಮತ್ತೆ, ಅಲ್ಲಿ ಹೋಗಿ ಅವರು ತಾನೇ ಏನು ಮಾಡ್ತಾರೆ ಹೇಳು? ಕಾರು ಕೊಟ್ರೆ ಓಡಿಸೋಕೆ ಬರಲ್ಲ. ಸುಮ್ಮನೆ ಕೂತ್ರೆ ಹುಚ್ಚು ಹಿಡಿಯುತ್ತೆ. ಮುಗಿಸದ್ದೆಲ್ಲ ಕಳಿಸಿದ್ರೆ ಕೂತು ಮುಗಿಸ್ತಾರೆ ಲಾ." ಅವಳು ಅಳುತ್ತಲೇ ಸ್ವಲ್ಪ ನಕ್ಕಳು.

"ಗೋಡೆ ಮೇಲೆ... ಒಂದಿತ್ತಲ್ಲ?"

"ಅದನ್ನೇ ಎಲ್ಲಕ್ಕಿಂತ ಮೇಲೆ ಇಟ್ವಿ. ಕೊನೇವರೆಗೂ ಅದರ ಮುಂದೆಯೇ ಕೂರ್ತಿದ್ರಂತೆ. ತಕ್ಷಣ ಹತ್ತಿಕೊಳ್ತು, ಎಷ್ಟು ಚೆನ್ನಾಗಿ ಉರೀತು ಅಂದ್ರೆ, ಪೂಜೆ ಮಾಡೋರು ಅಪ್ಪನಿಗೆ ಸೇರಿತು ಅಂದ್ರು." ಟೇಪು ಹಚ್ಚುವ ಕೈ ನಿಂತಿತು. ಅವಳು ವಿಸ್ಮಯಾಳ ಮುಖ ನೋಡಿದಳು. "ಯಾಕೆ? ಅದು ನಿನ್ನದಾ? ನಾನು ಕೇಳಿದ್ನಲ್ಲ? ಏನೂ ಬೇಡ ಅಂದೆಯಲ್ಲ ನೀನು?"

ಕೆಳಗಿನ ಅಂಗಡಿಯಲ್ಲಿ ಯಾರೋ ಚಕ್ರ ತಿರುಗಿಸಿ ಬಿಟ್ಟಿದ್ದರು, ಅದು ತಿರುಗುತ್ತಲೇ ಇತ್ತು.

"ಇಲ್ಲ ಇಲ್ಲ," ಎಂದಳು ವಿಸ್ಮಯಾ. "ಸುಮ್ಮನೆ ಕೇಳಿದೆ."

ಮತ್ತೇನು ಹೇಳಬೇಕಿತ್ತು? ಅಪ್ಪನನ್ನು ಕಳೆದುಕೊಂಡವಳ ತಲೆಯ ಮೇಲೆ ಇದನ್ನೂ ಹೊರಿಸಬೇಕಿತ್ತೇ? ಸ್ಯೂ ಲಿನ್ ಸಮಾಧಾನದ ಉಸಿರು ಬಿಟ್ಟಳು. ಎದ್ದು ಹೋಗಿ, ಡಬ್ಬಿಯಲ್ಲಿ ತಡಕಾಡಿ, ಒಂದು ಸುರುಳಿಯನ್ನು ತಂದು ಇವಳ ಕಂಕುಳಲ್ಲಿ ಸಿಕ್ಕಿಸಿದಳು. "ಇದು ನಿನಗೆ. ಅಪ್ಪನ ಕೈಯಲ್ಲೇ ಇದು ಬಹಳ ಒಳ್ಳೇದಂತೆ. ಇಲ್ಲ ಅನ್ಬೇಡ."

ಈ ಸಲ ವಿಸ್ಮಯಾ ಇಲ್ಲ ಎನ್ನಲಿಲ್ಲ.

ಮನೆಗೆ ಬಂದು ಸುರುಳಿ ಬಿಚ್ಚಿದಳು. ಮುಗಿಲು ಮುಟ್ಟುವ ಪರ್ವತಗಳು, ಸೊಂಟದವರೆಗೆ ಮಂಜು, ಎಡಗಡೆ ಸಾಲಾಗಿ ಪೈನ್ ಮರಗಳು, ನಡುವಿನಿಂದ ಬೆಳ್ಳಗೆ ಧುಮುಕುವ ಜಲಪಾತ. ಮೂಲೆಯಲ್ಲಿ ಕೆಂಪು ಮುದ್ರೆ, ಅಚ್ಚುಕಟ್ಟಾಗಿ. ನೋಡಿದವರು ಕೈ ಮುಗಿಯಬೇಕು, ಅಷ್ಟು ಚೆಂದ. ಕೆಲಸದಿಂದ ಬಂದ ಶರಣ್ ಎಲ್ಲವನ್ನೂ ಕೇಳಿ, ಮತ್ತೆ ಚಪ್ಪಲಿ ಮೆಟ್ಟಿ ಕೆಳಗಿಳಿದ. ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಿಂದ ರೊಟ್ಟಿ ಕಟ್ಟಿಸಿಕೊಂಡು ತಂದ. ಅದು ತಟ್ಟೆಯಲ್ಲೇ ಆರಿತು.

"ಬ್ಯಾರೆ ಯಾರ ಕಡಿಯಿಂದರ ಬರಸೂಣು," ಎಂದ ಕೊನೆಗೆ. "ಆ ಬಂಡಿಗಲ್ಲಿನ ಹುಡುಗಿ ಅದಾಳಲ್ಲ. ನೀ ಮತ್ತ ಹೇಳು."

ಅವಳು ಹೇಳಲು ನೋಡಿದಳು. ಕಣ್ಣು ಮುಚ್ಚಿ ಹಿತ್ತಿಲ ಬಾಗಿಲು ತೆರೆದಳು. ಕಂಡದ್ದು ಕಾಗದ, ಕಾಗದದ ಮೇಲೆ ಮಸಿ, ಅದರ ಅಂಚಿಗೆ ಹತ್ತಿದ ಬೆಂಕಿ. ಅದರ ಹಿಂದೆ ಇರಬೇಕಾಗಿದ್ದ ಕಲ್ಲಿನ ಗುಡ್ಡ ಎಷ್ಟು ತಡಕಿದರೂ ಕೈಗೆ ಸಿಗಲಿಲ್ಲ. ಇದ್ದಬದ್ದದ್ದನ್ನೆಲ್ಲ ಅವಳು ಮುದುಕರಿಗೆ ಹೇಳಿ ಮುಗಿಸಿದ್ದಳು.

ಅಮ್ಮನ ಫೋನು ಬಂದದ್ದು ಮರುದಿನ ಬೆಳಿಗ್ಗೆ. "ಸೂತಕ ಕಳೀತಲ್ಲ? ಗುಡ್ಡ ತಂದ್ಯಾ ಮನೆಗೆ?"

ನೀನು ಹೇಳಿದ್ದಕ್ಕೇ ಹೀಗಾಯಿತು ಎಂದು ಅಮ್ಮನಿಗೆ ಹೇಳುವುದು ಹೇಗೆ?

"ತಂದೆ ಅಮ್ಮ."

"ಫೋಟೋ ಹಾಕೇ ಮತ್ತೆ! ನಿಮ್ಮಪ್ಪ ಬೆಳಿಗ್ಗೆಯಿಂದ ಕನ್ನಡಕ ಹಾಕ್ಕೊಂಡು ಕೂತಿದಾರೆ."

ವಿಸ್ಮಯಾ ಎದ್ದು ಹೋಗಿ ಆ ಮಂಜಿನ ಪರ್ವತದ ಫೋಟೋ ತೆಗೆದು ಕಳಿಸಿದಳು. ಕಳಿಸುವಾಗ ಅವಳೊಳಗೆ ಒಂದೇ ಆಸೆಯಿತ್ತು. ಅಮ್ಮ ನೋಡಿದ ಕೂಡಲೇ ಬೈಯಲಿ. ಇದ್ಯಾವ ಗುಡ್ಡವೇ, ತಲೆ ಕೆಟ್ಟಿದೆಯಾ ನಿನಗೆ, ನಮ್ಮದು ಹೀಗಿತ್ತಾ ಎನ್ನಲಿ. ನಲವತ್ತು ವರ್ಷ ಅದರ ಬುಡದಲ್ಲೇ ಬಟ್ಟೆ ಒಣಗಿಸಿದವಳು, ಸೌದೆ ಆಯ್ದವಳು. ಅವಳೊಬ್ಬಳು ಅಲ್ಲ ಎಂದರೆ ಸಾಕು, ಗುಡ್ಡ ಎಲ್ಲೋ ಒಂದು ಕಡೆ ಇನ್ನೂ ಇದೆ ಎಂದಾಯಿತು.

ಫೋನಿನಲ್ಲಿ ಎರಡು ನೀಲಿ ಗೆರೆ ಮೂಡಿದವು. ಆಮೇಲೆ ಅಮ್ಮ ಮಾತಾಡಿ ಕಳಿಸಿದ ವಾಯ್ಸ್ ಮೆಸೇಜು ಬಂತು.

"ಇದೇ ಕಣೇ. ಥೇಟು ಹೀಗೇ ಇತ್ತು. ನಿಮ್ಮಪ್ಪ ನೋಡಿ ಕಣ್ಣೊರೆಸ್ಕೊಂಡ್ರು. ಎಷ್ಟು ಚೆನ್ನಾಗಿ ಬರ್ದಿದಾರೆ ಪುಣ್ಯಾತ್ಮರು! ಅಲ್ಲಿ ನೀರು ಬೀಳ್ತಿದೆಯಲ್ಲ, ನೀನು ಚಿಕ್ಕವಳಿದ್ದಾಗ ಅಲ್ಲೇ ಅಲ್ವೇನೇ ಆಡ್ತಿದ್ದದ್ದು?"

ವಿಸ್ಮಯಾ ಅದನ್ನು ಎರಡನೆಯ ಸಲ ಕೇಳಲಿಲ್ಲ. ಕಿಟಕಿಯಾಚೆ ವಿಮಾನವೊಂದು ಇಳಿಯುತ್ತಿತ್ತು; ಅದರ ಸದ್ದು ಪೂರ್ತಿ ಅಡಗುವವರೆಗೂ ಫೋನು ಹಿಡಿದು ನಿಂತಿದ್ದಳು. ಆಮೇಲೆ ಬರೆದಳು: "ಹೂಂ ಅಮ್ಮ. ಅಲ್ಲೇ."